ಆಚೆ ದಂಡೆಗೆ ಕೇಳಿಸಿದ್ದೇನು?

ಮುಂಗಾರು ಶುರುವಾಗುವ ಹೊತ್ತಿಗೆ ನವಲಗುಂದ ತಾಲ್ಲೂಕಿನ ಒಂದು ಊರಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ನನ್ನ ರೆಕಾರ್ಡಿಂಗ್ ಕೋಣೆಗೆ ಬಂದರು. ಬಾಗಿಲಲ್ಲೇ ನಿಂತು, ಗೋಡೆಗೆ ತೂಗುಹಾಕಿದ ಕೌದಿಗಳನ್ನೆಲ್ಲ ಒಮ್ಮೆ ನೋಡಿದರು. ಹೊರಗಿನ ಗದ್ದಲ ಒಳಗೆ ಬರಬಾರದೆಂದು, ಒಳಗಿನ ದನಿ ಗೋಡೆಗೆ ಬಡಿದು ವಾಪಸ್ಸು ಬರಬಾರದೆಂದು ನಾನು ನಾಲ್ಕೂ ಗೋಡೆಗೆ ಕೌದಿ ಹೊದಿಸಿದ್ದೆ. ಭಜನಾ ಮಂಡಳಿಯ ಹಾಡು, ಶಾಲೆಯ ಗ್ಯಾದರಿಂಗಿಗೆ ಬೇಕಾಗುವ ಟ್ರ್ಯಾಕು, ಮದುವೆಯ ಹಾಡು, ಇಂಥವೇ ನನ್ನ ಕೆಲಸ.

"ನಮಗ ಒಂದು ದನಿ ಬೇಕಾಗೇತ್ರಿ," ಎಂದರು ಅವರು. "ಹಾಡಲ್ಲ. ಹಳ್ಳ ಬಂದಾಗ ಊರಿಗೆ ಹೇಳೂ ದನಿ."

ಆ ಊರಿನ ಪಕ್ಕದಲ್ಲಿ ಬೆಣ್ಣಿಹಳ್ಳ ಹರಿಯುತ್ತದೆ. ಊರ ಮೇಲೆ ಒಂದು ಹನಿ ಬಿದ್ದಿರುವುದಿಲ್ಲ, ಬಿಸಿಲು ಹೊಡೆಯುತ್ತಿರುತ್ತದೆ. ಮೇಲೆಲ್ಲೋ ದೂರದಲ್ಲಿ ಸುರಿದ ಮಳೆ ಮಧ್ಯಾಹ್ನದ ಹೊತ್ತಿಗೆ ಕೆಂಪು ನೀರಾಗಿ ಬಂದುಬಿಡುತ್ತದೆ. ಊರಿನ ಅರ್ಧ ಹೊಲ ಹಳ್ಳದ ಆಚೆ ದಂಡೆಯಲ್ಲಿದೆ. ಮುಂಜಾನೆ ಮೊಳಕಾಲುದ್ದ ನೀರು ದಾಟಿ ಬೆಳೆಯ ನಡುವಿನ ಕಸ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಅದೇ ಜಾಗದಲ್ಲಿ ಇಳಿಯುತ್ತಾರೆ. ಹಿಂದಿನ ವರ್ಷ ಹಾಗೆ ಇಳಿದ ಇಬ್ಬರು ಒಂದು ಜಾಲಿಮರ ಹಿಡಿದು ಎರಡು ತಾಸು ನೀರಿನಲ್ಲಿ ನಿಂತಿದ್ದರಂತೆ.

ಮೇಲಿನ ಊರಿನಿಂದ ಫೋನ್ ಬಂದ ಕೂಡಲೇ ಪಂಚಾಯಿತಿಯ ಹಾರ್ನ್ ಸ್ಪೀಕರಿನಲ್ಲಿ ಕೂಗಿ ಹೇಳುವ ವ್ಯವಸ್ಥೆ ಇತ್ತು. ಆದರೆ ಕೂಗುವವನು ಒಬ್ಬನೇ. ಅವನಿಲ್ಲದ ದಿನ ಯಾರೂ ಇಲ್ಲ. ಅದಕ್ಕೇ ಒಂದು ಪೆನ್‌ಡ್ರೈವಿನಲ್ಲಿ ದನಿ ತುಂಬಿಟ್ಟರೆ ಯಾರು ಬೇಕಾದರೂ ಗುಂಡಿ ಒತ್ತಬಹುದು ಎಂಬುದು ಅಧಿಕಾರಿಗಳ ಲೆಕ್ಕಾಚಾರ. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡು ಒಪ್ಪಿದೆ.

ದನಿಗೆ ನಮ್ಮ ಕಡೆಯ ನಾಟಕದ ಮಾಸ್ತರರನ್ನು ಕರೆಸಿದೆ. ಎಪ್ಪತ್ತರ ಹತ್ತಿರದ ವಯಸ್ಸು, ಎದೆಯೊಳಗಿಂದ ಬರುವ ತುಂಬು ದನಿ. ಅಧಿಕಾರಿಗಳು ಬರೆದುಕೊಟ್ಟ ಚೀಟಿಯನ್ನು ಮಾಸ್ತರರು ಒಂದೇ ಉಸಿರಿಗೆ ಓದಿದರು: "ಸಾರ್ವಜನಿಕರ ಗಮನಕ್ಕೆ. ಹಳ್ಳದಲ್ಲಿ ನೀರಿನ ಪ್ರಮಾಣ ಹೆಚ್ಚಾಗಿರುವುದರಿಂದ ಯಾರೂ ಹಳ್ಳವನ್ನು ದಾಟಬಾರದು." ಕೌದಿಗಳ ನಡುವೆ ಆ ದನಿ ಎಷ್ಟು ಚೆನ್ನಾಗಿತ್ತೆಂದರೆ, ಕೆಳಗಿನ ಗಂಭೀರ ಭಾಗವನ್ನು ಈಕ್ವಲೈಜರಿನಲ್ಲಿ ನಾನು ಇನ್ನಷ್ಟು ಎತ್ತಿದೆ.

ಈಕ್ವಲೈಜರ್ ಎಂದರೆ ದನಿಯನ್ನು ಪದರ ಪದರವಾಗಿ ಬಿಡಿಸಿ, ಬೇಕಾದ ಪದರವನ್ನು ಹೆಚ್ಚಿಸಿ ಬೇಡವಾದದ್ದನ್ನು ತಗ್ಗಿಸುವ ಸಾಧನ. ಕೆಳಗಿನ ಪದರದಲ್ಲಿ ಗುಂಯ್‌ಗುಡುವ ತೂಕ, ನಡುವೆ ಸ್ವರಗಳು, ಮೇಲೆ ತ, ಟ, ಕ, ಸ ಮುಂತಾದ ಅಕ್ಷರಗಳ ಚೂಪು. ಹಿಂದೆ ಇದಕ್ಕೆ ಗುಂಡಿಗಳ ಡಬ್ಬಿ ಬೇಕಾಗುತ್ತಿತ್ತು. ಈಗ ಲ್ಯಾಪ್‌ಟಾಪಿನ ರೆಕಾರ್ಡಿಂಗ್ ತಂತ್ರಾಂಶಕ್ಕೆ ಸಿಕ್ಕಿಸಿಕೊಳ್ಳುವ ಪ್ಲಗಿನ್‌ಗಳು ಪುಕ್ಕಟೆ ಸಿಗುತ್ತವೆ. ನನ್ನ ಬಳಿ ಇದ್ದವೆಲ್ಲ ಪುಕ್ಕಟೆಯವೇ.

ಮೊದಲ ಪರೀಕ್ಷೆಗೆ ಆ ಊರಿಗೆ ಹೋದೆ. ಹಾರ್ನು, ಆಂಪ್ಲಿಫೈಯರ್, ವೈರುಗಳ ಉಸ್ತುವಾರಿ ಮೈಕ್‌ಸೆಟ್ ಕಾಕಾ ಒಬ್ಬರದು. ಅವರು ಗುಂಡಿ ಒತ್ತಿದರು. ನಾನು ಹಳ್ಳದ ಈಚೆ ದಂಡೆಯಲ್ಲಿ ನಿಂತೆ. ಊರ ಕಡೆಯಿಂದ ಊಂ ಊಂ ಎಂದು ಒಂದು ನರಳಾಟ ಬಂತು. ಗಾಳಿ ತಿರುಗಿದಾಗ ಅದೂ ಇಲ್ಲ. ಮಾಸ್ತರರ ದನಿಯ ಯಾವ ಕುರುಹೂ ಇರಲಿಲ್ಲ.

"ಹಾರ್ನಿಗೆ ತೂಕದ ದನಿ ಆಗಿಬರೂದಿಲ್ಲ ತಂಗಿ," ಎಂದರು ಕಾಕಾ. "ಅದರ ಬಾಯಿ ಸಣ್ಣದು. ಅದಕ ತೆಳ್ಳಗಿನ ದನಿ ಕೊಡಬೇಕು."

ಅವರ ಮಾತು ಸರಿ. ಹಾರ್ನು ಮುನ್ನೂರು ಹರ್ಟ್ಸಿನ ಕೆಳಗಿನದನ್ನು ಹೊರಗೇ ಬಿಡುವುದಿಲ್ಲ. ನಾನು ಎತ್ತಿದ್ದು ಅದನ್ನೇ. ವಾಪಸ್ಸು ಬಂದು ಮೊದಲು ಮಾತನ್ನು ಚಿಕ್ಕದು ಮಾಡಿಸಿದೆ. "ಹಳ್ಳ ಬಂದೈತಿ, ದಾಟಬ್ಯಾಡ್ರಿ" ಎಂದಷ್ಟೇ ಮಾಸ್ತರರು ಮತ್ತೆ ಹೇಳಿದರು. ಆಮೇಲೆ ಈಕ್ವಲೈಜರಿಗೆ ಕೈಹಾಕಿದೆ.

ಗೊಂದಲ ಶುರುವಾದದ್ದು ಅಲ್ಲಿಂದ. ಮುನ್ನೂರೈವತ್ತರ ಕೆಳಗೆ ಪೂರ್ತಿ ಕತ್ತರಿಸಿದೆ. ಹಾರ್ನು ಡಬ್ಬಿಯಂತೆ ಕೂಗುವ ಆರುನೂರರ ಸುತ್ತ ಸ್ವಲ್ಪ ತಗ್ಗಿಸಿದೆ. ಅಕ್ಷರಗಳು ಚೂಪಾಗಲೆಂದು ಮೂರು ಸಾವಿರದ ಹತ್ತಿರ ಎತ್ತಿದೆ. ದನಿ ಅಂಚು ಹರಿದ ಬಟ್ಟೆಯ ಹಾಗೆ ಕೇಳಿಸಿತು. ಪ್ಲಗಿನ್‌ನ ದೋಷವಿರಬೇಕೆಂದು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಇನ್ನೊಂದನ್ನು ಇಳಿಸಿದೆ. ಅದರಲ್ಲಿ ದನಿಯ ಚಿತ್ರ ಹಸಿರು ಅಲೆಯಾಗಿ ಕುಣಿಯುತ್ತಿತ್ತು. ಅದೇ ಅಂಕಿಗಳನ್ನು ಇಟ್ಟರೂ ಬೇರೆಯೇ ಕೇಳಿಸಿತು. ಮೂರನೆಯದು ಹಳೆಯ ಕಾಲದ ಯಂತ್ರದ ನಕಲು, ಬರೀ ಮೂರು ಗುಂಡಿ, ಅಂಕಿಗಳೇ ಇಲ್ಲ. ನಾಲ್ಕನೆಯದು ಜೋರು ಬಂದಾಗ ತಾನೇ ತಗ್ಗಿಸಿಕೊಳ್ಳುವ ಜಾಣ. ಹೊಸದನ್ನು ಹಾಕಿದಾಗಲೆಲ್ಲ ಹಿಂದಿನದಕ್ಕಿಂತ ಚಂದ ಎನ್ನಿಸುತ್ತಿತ್ತು. ನಾಲ್ಕೈದು ದಿನವಾದ ಮೇಲೆ ಗೊತ್ತಾಯಿತು: ಹೊಸದು ಸ್ವಲ್ಪ ಜೋರಾಗಿರುತ್ತಿತ್ತು, ಅಷ್ಟೇ. ಕಿವಿ ಜೋರಾದದ್ದನ್ನು ಚಂದ ಎಂದುಕೊಳ್ಳುತ್ತದೆ. ಎಲ್ಲದರ ಮಟ್ಟವನ್ನೂ ಸಮ ಮಾಡಿ ಕೇಳಿದಾಗ ನಾಲ್ಕೂ ಒಂದೇ ತೆರನಾಗಿ ಕೆಟ್ಟದಾಗಿ ಕೇಳಿಸಿದವು. ಹಾರ್ನಿಗೆ ಒಳ್ಳೆಯದಾಗುವುದು ಹೆಡ್‌ಫೋನಿಗೆ ಕೆಟ್ಟದಾಗಿಯೇ ಇರಬೇಕೇನೋ ಎಂದುಕೊಂಡೆ. ಹಾಗಾದರೆ ಎಷ್ಟು ಕೆಟ್ಟದಾಗಬೇಕು? ಅದನ್ನು ಹೇಳುವವರು ಯಾರು?

ಕೊನೆಗೆ ಹಸಿರು ಅಲೆಯ ಈಕ್ವಲೈಜರನ್ನೇ ಆರಿಸಿ, ಸಂದೇಶವನ್ನು ಹತ್ತು ಸಲ ಜೋಡಿಸಿ ಪೆನ್‌ಡ್ರೈವಿಗೆ ಹಾಕಿದೆ.

ಎರಡನೆಯ ಪರೀಕ್ಷೆಯ ದಿನ ಆಚೆ ದಂಡೆಯ ಹೆಸರುಕಾಳಿನ ಹೊಲದಲ್ಲಿ ಹನ್ನೊಂದು ಹೆಣ್ಣುಮಕ್ಕಳು ಸಾಲು ಹಿಡಿದು ಕಸ ತೆಗೆಯುತ್ತಿದ್ದರು. ಅವರಿಗೆ ಮೊದಲೇ ಹೇಳಬಾರದು, ಹೇಳಿದರೆ ಪರೀಕ್ಷೆಯಾಗುವುದಿಲ್ಲ ಎಂದು ಅಧಿಕಾರಿಗಳ ಸೂಚನೆಯಿತ್ತು. ಹಳ್ಳದಲ್ಲಿ ಅಂದು ನೀರು ಪಾದ ಮುಳುಗುವಷ್ಟೇ ಇತ್ತು. ನಾನು ಈಚೆ ದಂಡೆಯಲ್ಲಿ ಕುಳಿತು ಕಾಕಾಗೆ ಫೋನ್ ಮಾಡಿದೆ. ಹಾರ್ನು ಕೂಗಿತು. ಈ ಸಲ ಮೊದಲ ಕೂಗಿನ ಪ್ರತಿ ಅಕ್ಷರವೂ ನನಗೆ ಕೇಳಿಸಿತು, ಖುಷಿಯಾಯಿತು.

ಆಚೆ ಹೊಲದಲ್ಲಿ ಒಬ್ಬಾಕೆ ನೆಟ್ಟಗೆ ನಿಂತಳು. ಇನ್ನಿಬ್ಬರು ನಿಂತರು. ಮೂರನೆಯ ಸಲ ಹಾರ್ನು ಕೂಗುವಷ್ಟರಲ್ಲಿ ಎಲ್ಲರೂ ಕಸ ಕೀಳುವ ಕುರ್ಚಿಗಿ, ಬುತ್ತಿಗಂಟು ಎತ್ತಿಕೊಂಡು ಓಡುನಡಿಗೆಯಲ್ಲಿ ಹಳ್ಳದತ್ತಲೇ ಬರತೊಡಗಿದರು. ನಾನು ಎದ್ದು ಎರಡೂ ಕೈ ಬೀಸಿದೆ. ಬಾ ಎಂದು ಕರೆಯುತ್ತಿದ್ದೇನೆ ಎಂದುಕೊಂಡು ಅವರು ಇನ್ನೂ ಜೋರು ಮಾಡಿದರು. ಹನ್ನೊಂದೂ ಜನ ನೀರಿಗಿಳಿದು, ಸೀರೆ ಎತ್ತಿಕೊಂಡು ದಾಟಿ, ಏದುಸಿರು ಬಿಡುತ್ತ ನನ್ನ ಮುಂದೆ ನಿಂತರು.

"ಯಾಕ್ರೀ ಅಕ್ಕಾರ, ದಾಟಬ್ಯಾಡ್ರಿ ಅಂದ್ರ ದಾಟಿ ಬಂದ್ರಲ್ಲ!" ಎಂದೆ.

ಗುಂಪಿನ ಹಿರಿಯಾಕೆ, ದಿನಾ ಆಳುಗಳನ್ನು ಕರೆದುಕೊಂಡು ಹೋಗುವವಳು, ಸೊಂಟದ ಮೇಲೆ ಕೈಯಿಟ್ಟಳು. "ಬ್ಯಾಡ ಅಂತ ಯಾರು ಅಂದ್ರು? ಹಳ್ಳ ಬಂದೈತಿ, ದಾಟ್ರಿ ಅಂತ ಒದರಿದ್ರಿ. ನೀರು ಬರೂದರಾಗ ಲಗೂನ ದಾಟ್ರಿ ಅಂದಂಗ ಆತು. ಅದಕ್ಕ ಓಡಿ ಬಂದ್ವಿ."

ಅದು ಖರೇ ನೀರು ಬಂದ ದಿನವಾಗಿದ್ದರೆ, ನಾನು ತುಂಬಿಕೊಟ್ಟ ದನಿಯೇ ಅವರನ್ನು ನೀರಿಗೆ ಕರೆದುಕೊಂಡು ಬರುತ್ತಿತ್ತು.

ಮನೆಗೆ ಬಂದು ಪೆನ್‌ಡ್ರೈವಿನ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಅದುವರೆಗೆ ನಾನು ಕೇಳಿದ್ದು ಮೊದಲ ಒಂದೆರಡು ಸಲದ್ದನ್ನು ಮಾತ್ರ. ಮೂರನೆಯದರಲ್ಲಿ ಮಾಸ್ತರರು "ದಾಟ" ಎಂದರು, ಒಂದು ಚಣ ಏನೂ ಇಲ್ಲ, ಆಮೇಲೆ "ರಿ." ಏಳನೆಯದರಲ್ಲಿ "ಹಳ್ಳ"ವೇ ಇಲ್ಲ. ಹುಡುಕಿದಾಗ ತಿಳಿಯಿತು: ಆ ಹಸಿರು ಅಲೆಯ ಈಕ್ವಲೈಜರ್ ಪೂರ್ತಿ ಪುಕ್ಕಟೆಯದಲ್ಲ. ಕೊಂಡುಕೊಳ್ಳುವವರೆಗೆ ಆಗಾಗ ಒಂದು ಚಣ ದನಿಯನ್ನು ನುಂಗುವಂತೆ ಅದನ್ನು ಮಾಡಿದ್ದರು. ಇಳಿಸಿಕೊಳ್ಳುವಾಗ ಸಣ್ಣಕ್ಷರದಲ್ಲಿ ಬರೆದದ್ದನ್ನು ನಾನು ಓದಿರಲಿಲ್ಲ.

ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಒಂದು ನೆಮ್ಮದಿಯೂ ಬಂತು. ಅಂತೂ ಕಾರಣ ಸಿಕ್ಕಿತು ಎಂದುಕೊಂಡೆ. ಅದನ್ನು ತೆಗೆದುಹಾಕಿ, ಮೂರು ಗುಂಡಿಯದನ್ನು ಬಳಸಿ, ಹತ್ತಕ್ಕೆ ಹತ್ತೂ ಸಲ ಕಿವಿಗೊಟ್ಟು ಕೇಳಿ, ಮೂರನೆಯ ಪರೀಕ್ಷೆಗೆ ಹೋದೆ. ಈ ಸಲ ಹೆಣ್ಣುಮಕ್ಕಳಿಗೆ ಹೇಳಿಯೇ ಇಟ್ಟಿದ್ದೆ: ಕೆಲಸ ಮಾಡುತ್ತಿರಿ, ಕೇಳಿಸಿದ್ದನ್ನು ಆಮೇಲೆ ಹೇಳಿ.

ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಿ ನೋಟಬುಕ್ಕಿನಲ್ಲಿ ಬರೆದುಕೊಂಡೆ. ಇಬ್ಬರಿಗೆ ಸರಿಯಾಗಿ ಕೇಳಿಸಿತ್ತು. ನಾಲ್ವರಿಗೆ ಮತ್ತೆ "ದಾಟ್ರಿ." ಒಬ್ಬಾಕೆಗೆ "ಬೆಲ್ಲ ಬಂದೈತಿ." ಬೆಲ್ಲ ಮಾರುವವನ ಗಾಡಿ ಊರಿಗೆ ಬಂದಿದೆ ಎಂದು ತಿಳಿದಳಂತೆ. ಉಳಿದವರಿಗೆ ಜಗಳ.

"ಜಗಳ ಅಂದ್ರ?"

"ಇಬ್ಬರು ಗಂಡಸರು ಬಾಯಿ ಮಾಡಾಕತ್ತಿದ್ರು. ಒಬ್ಬನ ಮಾತು ಮುಗಿಯೂದರಾಗ ಇನ್ನೊಬ್ಬನದು."

ಕಡತದಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ನಾನೇ ಹತ್ತು ಸಲ ಕೇಳಿದ್ದೆ. ಹಾಗಾದರೆ ಎರಡನೆಯ ಪರೀಕ್ಷೆಯಲ್ಲೂ ಅವರನ್ನು ದಾಟಿಸಿದ್ದು ದನಿ ನುಂಗುವ ಪ್ಲಗಿನ್ನೋ, ಬೇರೆಯದೋ? ಎರಡೂ ಸೇರಿಯೋ? ಮನೆಗೆ ಹೋಗಿ ಮತ್ತೊಂದು ಈಕ್ವಲೈಜರ್ ಇಳಿಸತೊಡಗಿದೆ. ಪರದೆಯ ಮೇಲೆ ಆ ಪಟ್ಟಿ ನಿಧಾನ ತುಂಬುತ್ತಿತ್ತು. ಅರ್ಧಕ್ಕೆ ನಿಲ್ಲಿಸಿದೆ. ಇದು ಐದನೆಯದು, ಮತ್ತು ಇದರಿಂದ ನಾನು ಏನನ್ನು ನಿರೀಕ್ಷಿಸುತ್ತಿದ್ದೇನೆ ಎಂದು ನನಗೇ ತಿಳಿದಿರಲಿಲ್ಲ. ಇಷ್ಟು ದಿನ ನಾನು ಕೇಳಿದ್ದೆಲ್ಲ ಕೌದಿಯ ಕೋಣೆಯಲ್ಲಿ, ಅಥವಾ ಈಚೆ ದಂಡೆಯಲ್ಲಿ ಕುಳಿತು.

ಮರುದಿನ ಮುಂಜಾನೆ ಆ ಹೆಣ್ಣುಮಕ್ಕಳ ಜೊತೆ ನಾನೂ ಹಳ್ಳ ದಾಟಿದೆ. ಎರೆಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆ ಎತ್ತಲಾಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದೆ. ಹಿರಿಯಾಕೆ ನನ್ನ ಕೈಗೂ ಒಂದು ಕುರ್ಚಿಗಿ ಕೊಟ್ಟಳು. "ಸುಮ್ನ ಕುಂತು ಕಿವಿಗೊಟ್ರ ಎಲ್ಲಾ ಕೇಳತೈತಿ. ಬಗ್ಗಿ ಕಸಾ ತಗಿ, ಆವಾಗ ನಿಂಗ ಏನ್ ಕೇಳತೈತಿ ನೋಡು."

ಬಗ್ಗಿದೆ. ಗಾಳಿ ಕಿವಿಯಲ್ಲಿ ಭರ್ ಎನ್ನುತ್ತಿತ್ತು, ಬಾಜು ಹೊಲದಲ್ಲಿ ಟ್ರ್ಯಾಕ್ಟರ್, ಪಕ್ಕದವರ ಮಾತು, ಬಳೆ. ಹೇಳಿಟ್ಟ ಹೊತ್ತಿಗೆ ಕಾಕಾ ಗುಂಡಿ ಒತ್ತಿದರು. "ಹಳ್ಳ ಬಂದೈತಿ" ಎಂಬುದು ಬಂತು, "ದಾಟ" ಬಂತು, ಅದರ ಮೇಲೆಯೇ ಬಲಗಡೆಯಿಂದ ಇನ್ನೊಂದು "ಹಳ್ಳ" ಬಿತ್ತು. "ಬ್ಯಾಡ" ಅದರ ಕೆಳಗೆ ಸಿಕ್ಕಿ ಸತ್ತಿತು. ತುದಿಯ "ರಿ" ಮಾತ್ರ ಉಳಿಯಿತು.

ಫೋನ್ ಹಚ್ಚಿ ಕೇಳಿದೆ, "ಕಾಕಾ, ಹಾರ್ನ್ ಎಷ್ಟು ಅದಾವ?"

"ಎರಡು. ಪಂಚಾಯಿತಿ ಮ್ಯಾಲೊಂದು, ಆ ಕಡೆ ತುದೀಗೆ ಗುಡಿ ಮ್ಯಾಲೊಂದು. ಒಂದಕ್ಕ ಊರೆಲ್ಲಾ ಕೇಳೂದಿಲ್ಲವಾ."

ದನಿ ಒಂದು ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರ್ ಹೋಗುತ್ತದೆ. ಹೊಲದಿಂದ ನೋಡಿದರೆ ಗುಡಿ ಪಂಚಾಯಿತಿಗಿಂತ ಐನೂರು ಮೀಟರ್ ಹಿಂದೆ. ಗುಡಿಯ ಹಾರ್ನಿನ ಮೊದಲ ಮಾತು ಬರುವಷ್ಟರಲ್ಲಿ ಪಂಚಾಯಿತಿಯ ಹಾರ್ನು ಕೊನೆಯ ಮಾತಿಗೆ ಬಂದಿರುತ್ತದೆ. ಈಚೆ ದಂಡೆಯಲ್ಲಿ ನಾನು ಕೂರುತ್ತಿದ್ದ ಜಾಗ ಪಂಚಾಯಿತಿಗೆ ಹತ್ತಿರ, ಗುಡಿಯ ದನಿಗೆ ಮನೆಗಳ ಮರೆ. ಅಲ್ಲಿ ನನಗೆ ಕೇಳಿಸುತ್ತಿದ್ದುದು ಒಂದೇ. ಇದನ್ನು ಯಾವ ಈಕ್ವಲೈಜರೂ ಸರಿಮಾಡಲಾರದು. ಅದು ಪದರಗಳನ್ನು ಬದಲಿಸುತ್ತದೆ, ಹೊತ್ತನ್ನಲ್ಲ.

ಗುಡಿಯ ಹಾರ್ನನ್ನು ಬಂದ್ ಮಾಡೋಣವೆಂದೆ. ಮಾಡಿದರೆ ಊರಿನ ಆ ಕಡೆಯ ಓಣಿಗಳಿಗೆ ಏನೂ ಕೇಳಿಸುವುದಿಲ್ಲ, ಅಲ್ಲಿಂದಲೂ ಜನ ಹಳ್ಳಕ್ಕೆ ಇಳಿಯುತ್ತಾರೆ ಎಂದರು ಕಾಕಾ. ಅದೂ ನಿಜವೇ.

ಬುತ್ತಿ ಬಿಚ್ಚಿದಾಗ ಹಿರಿಯಾಕೆಗೆ ಎಲ್ಲ ಹೇಳಿದೆ. ರೊಟ್ಟಿ ಮುರಿಯುತ್ತ ಅವಳು, "ಬ್ಯಾಡ ಅನ್ನೂ ಮಾತು ಯಾಕ ಬೇಕು?" ಎಂದಳು. "ಅರ್ಧಾ ಕೇಳಿದ್ರ ಉಲ್ಟಾ ಆಗತೈತಿ. ನಾವು ಹೊಲದಾಗ ಹಾವು ಕಂಡ್ರ ತುಳೀಬ್ಯಾಡ್ರಿ ಅಂತೀವೇನು? ಅಲ್ಲೇ ನಿಂದರ್ರಿ ಅಂತೀವಿ."

"ಹೆಂಗ ಅಂತೀರಿ, ಒದರಿ ತೋರಸ್ರಿ."

ಅವಳು ಎದ್ದು ಬಾಯಿಗೆ ಅಂಗೈ ಅಡ್ಡ ಹಿಡಿದು, ಹೊಲದ ಆ ತುದಿಯತ್ತ ತಿರುಗಿ ಕೂಗಿದಳು. "ಅಲ್ಲೇ" ಎಂಬುದನ್ನು ಎಳೆದು ಮೇಲಕ್ಕೆ ಒಯ್ದು, "ನಿಂದರ್ರಿ"ಯನ್ನು ಅಲ್ಲಿಂದ ಕೆಳಕ್ಕೆ ಒಗೆದಳು. ದೂರದ ಬದುವಿನ ಮೇಲೆ ನಡೆಯುತ್ತಿದ್ದ ಯಾರೋ ಒಬ್ಬ ನಿಂತು ತಿರುಗಿ ನೋಡಿದ.

ಆ ಹೊಲದಲ್ಲಿ ಕುಳಿತೇ ತೀರ್ಮಾನಿಸಿದೆ. ಮಾಸ್ತರರ ದನಿ ಬೇಡ. ಬ್ಯಾಡ ಎಂಬ ಮಾತು ಬೇಡ. ಎರಡೇ ಪದ, ಅದಾದ ಮೇಲೆ ನಾಲ್ಕು ಸೆಕೆಂಡ್ ಏನೂ ಇಲ್ಲ. ಆ ಖಾಲಿ ಜಾಗದಲ್ಲಿ ಗುಡಿಯ ಹಾರ್ನಿನ ದನಿ ಬಂದು ಬೀಳಲಿ, ಎರಡನೆಯ ಸಲ ಕೂಗಿದಂತೆ ಆಗಲಿ.

ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. "ಯಾಕ ನಿಂದರಬೇಕು ಅಂತ ಹೇಳಬ್ಯಾಡೇನ್ರಿ? ಕಾರಣ ಹೇಳದ ಪ್ರಕಟಣೆ ಹೆಂಗಾಗತೈತಿ?"

"ನಿಂತ ಮ್ಯಾಲೆ ಕಾರಣ ಅವರ ಕಣ್ಣಿಗೇ ಕಾಣತೈತ್ರಿ, ಸರ್."

ಅವರು ನೋಟಬುಕ್ಕು ತೆರೆಸಿ, "ದಾಟ್ರಿ" ಎಂದು ಬರೆದಿದ್ದ ಸಾಲುಗಳನ್ನು ಓದಿ ಒಪ್ಪಿದರು.

ಮಾಸ್ತರರಿಗೆ ಹೇಳುವುದು ಕಷ್ಟವಾಯಿತು. ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಹಾರ್ನಿನ ಕತೆ, ಮುನ್ನೂರು ಹರ್ಟ್ಸಿನ ಕತೆ ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು, "ಮೈಕ್ ಇಲ್ಲದ ಕಾಲದಾಗ ಕಡೀ ಸಾಲಿನವರಿಗೆ ಮುಟ್ಟಿಸಿದ ದನಿ ಇದು. ಒಂದು ಹಳ್ಳ ದಾಟಲಿಲ್ಲ ಅಂತಿಯಲ್ಲವಾ," ಎಂದರು. ಸಿಟ್ಟಿನಿಂದಲ್ಲ. ಚಹಾ ಬಂತು, ಕುಡಿದು ಎದ್ದೆ.

ಹಿರಿಯಾಕೆಯನ್ನು ಕೌದಿಯ ಕೋಣೆಗೆ ಕರೆತಂದು ಮೈಕಿನ ಮುಂದೆ ನಿಲ್ಲಿಸಿದಾಗ ಅವಳ ದನಿ ಹೊರಡಲಿಲ್ಲ. "ಗ್ವಾಡಿ ಮುಂದ ನಿಂತು ಯಾರನ್ನ ಕರೀಲಿ?" ಎಂದಳು. ಮೊಬೈಲು, ಸಣ್ಣ ರೆಕಾರ್ಡರ್ ಹಿಡಿದು ಮತ್ತೆ ಹೊಲಕ್ಕೆ ಹೋದೆವು. ಗೆಳತಿಯರನ್ನು ಆ ತುದಿಗೆ ನಿಲ್ಲಿಸಿ, ಅವರತ್ತ ಅವಳು ಕೂಗುವುದನ್ನು ನಾಲ್ಕು ಹೆಜ್ಜೆ ಬಾಜುಕಿನಿಂದ ಹಿಡಿದೆ. ಗಾಳಿ ತಾಕದಂತೆ ರೆಕಾರ್ಡರಿಗೆ ನನ್ನ ದುಪಟ್ಟಾ ಸುತ್ತಿದ್ದೆ. ಆರನೆಯ ಕೂಗು ಸರಿ ಬಂತು. ಮನೆಯಲ್ಲಿ ಅದಕ್ಕೆ ಮುನ್ನೂರೈವತ್ತರ ಕೆಳಗಿನದನ್ನು ಕತ್ತರಿಸಿದೆ, ಎರಡೂವರೆ ಸಾವಿರದ ಹತ್ತಿರ ಕೂದಲೆಳೆಯಷ್ಟು ಎತ್ತಿದೆ. ಅಷ್ಟೇ. ಎತ್ತಿದ್ದು ಬೇಕಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ತೆಗೆದು ಕೇಳಿದರೆ ಬೇಕೆನ್ನಿಸುತ್ತಿತ್ತು, ಹಾಕಿ ಕೇಳಿದರೆ ಬೇಡವೆನ್ನಿಸುತ್ತಿತ್ತು.

ಹಳ್ಳ ಬಂದದ್ದು ಹೆಸರುಕಾಯಿ ಬಿಡಿಸುವ ದಿನಗಳಲ್ಲಿ, ಒಂದು ಮಧ್ಯಾಹ್ನ. ನಾನು ಶಾಲೆಯ ಮಕ್ಕಳ ಹಾಡು ಹಿಡಿಯುತ್ತಿದ್ದೆ. ಕಾಕಾ ಫೋನ್ ಮಾಡಿ, ಅದನ್ನು ಹಾರ್ನಿನತ್ತ ಹಿಡಿದರು. ಆ ಕೂಗು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಮಕ್ಕಳನ್ನು ಕಳಿಸಿ ಕುಳಿತೆ. ಕುಳಿತಷ್ಟು ಹೊತ್ತೂ ಆ ಹನ್ನೊಂದು ಜನ ಸೀರೆ ಎತ್ತಿಕೊಂಡು ನೀರಿಗಿಳಿದ ದೃಶ್ಯವೇ ಕಣ್ಣ ಮುಂದೆ. ಸಂಜೆ ಅಧಿಕಾರಿಗಳ ಫೋನ್ ಬಂತು. ಯಾರೂ ಇಳಿದಿರಲಿಲ್ಲ. ಎಲ್ಲರೂ ಆಚೆ ದಂಡೆಯ ಊರಿಗೆ ನಡೆದುಹೋಗಿ ಸಂಬಂಧಿಕರ ಮನೆಗಳಲ್ಲಿ ಉಳಿದಿದ್ದರು.

"ಬಾಜು ಪಂಚಾಯಿತಿಯವರು ಕೇಳಾಕತ್ಯಾರ್ರಿ, ಯಾವ ಸಾಫ್ಟ್‌ವೇರ್ ಅಂತ. ಏನು ಮಾಡಿದ್ರಿ ಅನ್ನೂದನ್ನ ಒಂದು ಹಾಳ್ಯಾಗ ಬರದು ಕೊಡ್ರಿ," ಎಂದರು.

ಬರೆಯುವ ಮೊದಲು ತಿಳಿದುಕೊಳ್ಳಬೇಕಲ್ಲ ಎಂದು, ನೀರು ಇಳಿದ ಮೇಲೆ ನೋಟಬುಕ್ಕು ಹಿಡಿದು ಹೊಲಕ್ಕೆ ಹೋದೆ. ಅಲ್ಲೇ ನಿಂದರ್ರಿ ಎಂಬುದು ಎಷ್ಟು ಸ್ಪಷ್ಟ ಕೇಳಿಸಿತು ಎಂದು ಮೊದಲು ಹಿರಿಯಾಕೆಯನ್ನೇ ಕೇಳಿದೆ.

"ಮಾತು ತಿಳೀಲಿಲ್ಲ," ಎಂದಳು. "ನನ್ನ ದನಿ ನನಗ ಗುರ್ತ ಹತ್ತಲಿಲ್ಲ. ಯಾರೋ ಹೆಣಮಗಳು ಒದರಾಕತ್ತಾಳ, ಏನಾತೋ ನೋಡೂಣು ಅಂತ ನಿಂತ್ವಿ. ನೋಡಿದ್ರ ನೀರು."

ಬರೆದುಕೊಂಡೆ. ಇನ್ನೊಬ್ಬಾಕೆಗೆ ಮಾತು ಪೂರ್ತಿ ಕೇಳಿಸಿತ್ತು. ಮತ್ತೊಬ್ಬಾಕೆ ಏನೂ ಕೇಳಿಸಿಕೊಂಡಿರಲಿಲ್ಲ, ಮುಂದಿನವರು ನಿಂತರೆಂದು ನಿಂತಿದ್ದಳು. ಸಾಲಿನ ತುದಿಯಲ್ಲಿದ್ದವಳು, ಅವತ್ತು ಎಲ್ಲರಿಗಿಂತ ಮುಂದೆ ಹಳ್ಳದ ಅಂಚಿಗೆ ಬಂದುಬಿಟ್ಟಿದ್ದವಳು, ಹೇಳಲು ನಾಚಿಕೊಂಡಳು. ಹಿರಿಯಾಕೆ ಗದರಿದ ಮೇಲೆ ಬಾಯಿ ಬಿಟ್ಟಳು.

"ನನಗ 'ಎಲ್ಲೇ ನಿಂಗವ್ವಾ' ಅಂತ ಕೇಳಿಸ್ತ್ರಿ."

"ನಿಮ್ಮ ಹೆಸರು ನಿಂಗವ್ವ ಏನು?"

"ಹೌದ್ರಿ. ಒಂದು ಕಾಲು ನೀರಾಗ ಇಟ್ಟಿದ್ನಿ. ಅಷ್ಟರಾಗ ಯಾರೋ ಹೆಸರು ಹಿಡದು ಕರದ್ರು. ಹಿಂದಕ್ಕ ಹೊಳ್ಳಿ ಬಂದ್ನಿ."